ಅಮೆರಿಕದ ಮನೆಗೆ ಹೀಟ್ ಪಂಪ್ ವಾಟರ್ ಹೀಟರ್: ಬ್ರ್ಯಾಂಡ್‌ಗಿಂತ ಮೊದಲು ಜಾಗ ಅಳೆಯಿರಿ

ಊರಿನ ಗೀಜರ್‌ನಂತೆ ಸ್ನಾನದ ಹೊತ್ತಿಗೆ ಸ್ವಿಚ್ ಹಾಕುವ ಪದ್ಧತಿ ಅಮೆರಿಕದ ಮನೆಗಳಲ್ಲಿಲ್ಲ. ಬೇಸ್‌ಮೆಂಟ್‌ನಲ್ಲೋ ಗ್ಯಾರೇಜಿನಲ್ಲೋ ಇರುವ ಒಂದೇ ಟ್ಯಾಂಕ್ ಇಡೀ ದಿನ ನೀರನ್ನು ಬಿಸಿಯಾಗಿಟ್ಟಿರುತ್ತದೆ. ಹೀಟ್ ಪಂಪ್ ಮಾದರಿ ಸುತ್ತಲಿನ ಗಾಳಿಯ ಶಾಖವನ್ನು ಹೀರಿ ಆ ನೀರಿಗೆ ಕೊಡುತ್ತದೆ. ದಕ್ಷತೆ ತಿಳಿಯಲು ಯುಇಎಫ್ ಎಂಬ ಅಂಕಿ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಬಿಸಿನೀರಾಗಿ ಸಿಗುತ್ತದೆ ಎಂಬ ಲೆಕ್ಕ) ನೋಡಿ: ಸಾಮಾನ್ಯ ಕರೆಂಟಿನ ಟ್ಯಾಂಕಿಗೆ ಅದು 0.92ರ ಆಸುಪಾಸು, ಇದಕ್ಕೆ 3.3ರಿಂದ 4. ರೀಮ್, ಎ. ಒ. ಸ್ಮಿತ್, ಬ್ರ್ಯಾಡ್‌ಫರ್ಡ್ ವೈಟ್ ಬ್ರ್ಯಾಂಡ್‌ಗಳ ನಡುವೆ ಈ ಅಂಕಿಯ ವ್ಯತ್ಯಾಸ ಸಣ್ಣದು. ಸೋಲು ಗೆಲುವು ತೀರ್ಮಾನವಾಗುವುದು ನೀವು ಅದನ್ನು ಇಡುವ ಜಾಗದಲ್ಲಿ.

ಮೊದಲು ಗಾಳಿ. ಸಾಮಾನ್ಯವಾಗಿ 700ರಿಂದ 1,000 ಘನ ಅಡಿ ಬೇಕು; 10 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರದ ಕೋಣೆಯಲ್ಲಿ 800 ಘನ ಅಡಿ ಇರುತ್ತದೆ. ಚಿಕ್ಕ ಕ್ಲಾಸೆಟ್‌ಗೆ ತುರುಕಿದರೆ ಯಂತ್ರ ತಾನೇ ತಣ್ಣಗಾಗಿಸಿದ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸೊರಗುತ್ತದೆ. ಅಲ್ಲಿ ಜಾಲರಿ ಬಾಗಿಲು ಇಲ್ಲವೇ ಗಾಳಿ ಸಾಗಿಸುವ ಡಕ್ಟ್ ಬೇಕು. ಸುತ್ತಲಿನ ಗಾಳಿ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಹೆಚ್ಚಿನವು ಒಳಗಿನ ಹೀಟಿಂಗ್ ಕಾಯಿಲ್‌ಗೆ ಮೊರೆಹೋಗುತ್ತವೆ. ಹಾಗಾಗಿ ಮಿನೆಸೋಟಾದಂಥ ಚಳಿ ರಾಜ್ಯದಲ್ಲಿ ಗ್ಯಾರೇಜ್ ಬೇಡ, ಬೇಸ್‌ಮೆಂಟ್ ಸರಿ. ಫ್ಯಾನಿನ ಸದ್ದೂ ಇದೆ, ಮಲಗುವ ಕೋಣೆಯ ಗೋಡೆಗೆ ಒತ್ತಿ ಇಡಿಸಬೇಡಿ. ಗಾಳಿಯ ತೇವ ನೀರಾಗಿ ತೊಟ್ಟಿಕ್ಕುತ್ತದೆ. ನೆಲದಲ್ಲಿ ಡ್ರೇನ್ ಇಲ್ಲದಿದ್ದರೆ ಆ ನೀರನ್ನು ಹೊರಹಾಕುವ ಕಂಡೆನ್ಸೇಟ್ ಪಂಪ್ ಹಾಕಿಸಲೇಬೇಕು.

ಗಾತ್ರದಲ್ಲಿ ಜಿಪುಣತನ ಬೇಡ. ಪಂಪ್ ಒಂದರಿಂದಲೇ 50 ಗ್ಯಾಲನ್ ನೀರು 70 ಡಿಗ್ರಿ ಫ್ಯಾರನ್‌ಹೀಟ್ ಏರಲು ಆರೇಳು ಗಂಟೆ ಹಿಡಿಯಬಹುದು. 4,500 ವಾಟ್ ಕಾಯಿಲ್‌ಗೆ ಸುಮಾರು ಎರಡೇ ಗಂಟೆ. ನಾಲ್ಕು ಜನರ ಮನೆಗೆ, ಅದರಲ್ಲೂ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವವರಿಗೆ, 65 ಗ್ಯಾಲನ್ ವಾಸಿ. ಹಳದಿ ಎನರ್ಜಿಗೈಡ್ ಚೀಟಿಯಲ್ಲಿ 'ಫಸ್ಟ್ ಅವರ್ ರೇಟಿಂಗ್' ಓದಿ: ತುಂಬಿದ ಟ್ಯಾಂಕಿನಿಂದ ಮೊದಲ ಒಂದು ಗಂಟೆಯಲ್ಲಿ ಸಿಗುವ ಬಿಸಿನೀರು ಅದು. ನರಕ ಚತುರ್ದಶಿಯ ಬೆಳಗ್ಗೆ ಎಲ್ಲರೂ ಸಾಲಾಗಿ ಎಣ್ಣೆನೀರು ಹಾಕಿಕೊಳ್ಳುವ ಮನೆಗೆ ಇದೇ ಮುಖ್ಯ ಅಂಕಿ. ದಿನನಿತ್ಯಕ್ಕೆ ಹೀಟ್ ಪಂಪ್ ಮೋಡ್, ನೆಂಟರಿದ್ದಾಗ ಹೈಬ್ರಿಡ್ (ಪಂಪ್ ಜೊತೆ ಬೇಕಾದಾಗ ಕಾಯಿಲ್), ಉಷ್ಣಾಂಶ 120 ಡಿಗ್ರಿ ಫ್ಯಾರನ್‌ಹೀಟ್. ಅದನ್ನು 140ಕ್ಕೆ ಏರಿಸುವುದಾದರೆ ತಣ್ಣೀರು ಬೆರೆಸಿ ಬಿಸಿ ತಗ್ಗಿಸುವ ಮಿಕ್ಸಿಂಗ್ ವಾಲ್ವ್ ಹಾಕಿಸದೆ ಏರಿಸಬೇಡಿ, ಮಕ್ಕಳ ಚರ್ಮ ಕ್ಷಣದಲ್ಲಿ ಸುಡುತ್ತದೆ.

ಗ್ಯಾಸಿನಿಂದ ಬದಲಾಯಿಸುವವರಿಗೆ ಸಾಮಾನ್ಯವಾಗಿ 240 ವೋಲ್ಟ್, 30 ಆಂಪಿಯರ್ ಸರ್ಕ್ಯೂಟ್ ಹೊಸದಾಗಿ ಬೇಕು. ಮನೆಯ ವಿದ್ಯುತ್ ಪ್ಯಾನೆಲ್‌ನಲ್ಲಿ ಜಾಗವಿಲ್ಲದಿದ್ದರೆ 120 ವೋಲ್ಟಿನ ಮಾದರಿಗಳಿವೆ, ಆದರೆ ನಿಧಾನ. ಹಳೆಯ ಗ್ಯಾಸ್ ಹೀಟರ್ ಮತ್ತು ಮನೆ ಬೆಚ್ಚಗಿಡುವ ಫರ್ನೆಸ್ ಒಂದೇ ಚಿಮಣಿಗೆ ಹೊಗೆ ಬಿಡುತ್ತಿದ್ದರೆ, ಉಳಿದ ಫರ್ನೆಸ್‌ಗೆ ಆ ಚಿಮಣಿ ಅಳತೆ ಮೀರಿ ದೊಡ್ಡದಾಗಿ ಹೊಗೆ ಒಳಗೇ ತಿರುಗಬಹುದು. ಇದನ್ನು ಪರೀಕ್ಷಿಸಲು ಪ್ಲಂಬರ್‌ಗೆ ನೀವೇ ಹೇಳಿ. ಪರ್ಮಿಟ್ ಯಾರು ತೆಗೆಯುತ್ತಾರೆ ಎಂಬುದನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಈ ಹೀಟರ್‌ಗಿದ್ದ ಗರಿಷ್ಠ 2,000 ಡಾಲರ್‌ನ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅದರೊಳಗೆ ಹಾಕಿಸಿದವರು ಆ ವರ್ಷದ ರಿಟರ್ನ್‌ನಲ್ಲಿ ಫಾರ್ಮ್ 5695 ತುಂಬಬೇಕು. ಹೊಸಬರು ತಮ್ಮ ವಿದ್ಯುತ್ ಕಂಪನಿಯ ರಿಬೇಟ್ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ; ಕೆಲವು ಕಡೆ ಮುಂಚೆಯೇ ಅರ್ಜಿ ಹಾಕಬೇಕು.