ಪಿಸ್ಟನ್‌ಗೆ ಕಟ್ಟಿದ ಕಾರ್ಬನ್ ತೆಗೆಯುವ ಬಗೆ

ವಿಜಯಪುರ, ಬಾಗಲಕೋಟೆ ಕಡೆ ಊರಿಂದ ಹೊಲಕ್ಕೆ ಓಡಾಡುವ ಬೈಕ್‌ಗಳ ಎಂಜಿನ್ ಸರಿಯಾಗಿ ಕಾಯುವ ಮೊದಲೇ ಬಂದ್ ಆಗುತ್ತದೆ. ಅದರ ಮೇಲೆ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡರೆ ಕಾರ್ಬ್ಯುರೇಟರ್ ಗಾಡಿ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ. ಪಿಸ್ಟನ್ ತಲೆಗೆ ಕಾರ್ಬನ್ ಹತ್ತುವುದು ಹೀಗೆ. ದಪ್ಪಗಾದ ಕಾರ್ಬನ್ ಕಂಪ್ರೆಷನ್ ಏರಿಸುತ್ತದೆ. ಕೆಂಪಗೆ ಕಾದ ಅದರ ಚೂರು ಪ್ಲಗ್‌ಗಿಂತ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಏರಿನಲ್ಲಿ ಟಣಟಣ ಬಡಿತ ಕೇಳುತ್ತದೆ.

ಹೆಡ್ (ಸಿಲಿಂಡರ್‌ನ ಮೇಲ್ಮುಚ್ಚಳ) ಬಿಚ್ಚಿದ ಕೂಡಲೇ ಒರೆಸಬೇಡಿ, ಮೊದಲು ನೋಡಿ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಉರಿಯುತ್ತಿದೆ. ತಲೆಯ ನಡುವೆ ಕಪ್ಪಿದ್ದು, ಅಂಚಿನ ಸುತ್ತ ಮಾತ್ರ ತೊಳೆದಂತೆ ಅಲ್ಯೂಮಿನಿಯಂ ಕಾಣುತ್ತಿದ್ದರೆ ಆಯಿಲ್, ಪಿಸ್ಟನ್ ಸುತ್ತಲಿನ ರಿಂಗ್‌ಗಳನ್ನು ದಾಟಿ ಮೇಲೆ ಬರುತ್ತಿದೆ ಎಂದರ್ಥ. ಆಗ ಬೆಳಗಾವಿಯ ಉದ್ಯಮಬಾಗದಂಥ ಕಡೆ ಮಷಿನ್ ಶಾಪ್‌ನಲ್ಲಿ ಬೋರ್ (ಸಿಲಿಂಡರ್‌ನ ಒಳಗೋಡೆ) ಅಳೆಸದೆ ಬರೀ ಉಜ್ಜಿ ಕೂಡಿಸಿದರೆ ಕಾರ್ಬನ್ ಮತ್ತೆ ಕಟ್ಟುತ್ತದೆ.

ಸಿಲಿಂಡರ್ ಎತ್ತಿ, ಕೆಳಗಿನ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿದ ಮೇಲೆಯೇ ಪಿಸ್ಟನ್ ಪಿನ್ ಹಿಡಿದಿರುವ ಸರ್ಕ್ಲಿಪ್ ತೆಗೆಯಿರಿ, ಒಳಗೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಾದೀತು. ರಿಂಗ್‌ಗಳನ್ನು ಇಳಿಸಿ, ಪಿಸ್ಟನ್ ಅನ್ನು ರಾತ್ರಿಯಿಡೀ ಸೀಮೆಎಣ್ಣೆ ಇಲ್ಲವೆ ಡೀಸೆಲ್‌ನಲ್ಲಿ ನೆನೆಹಾಕಿ. ಕಾಸ್ಟಿಕ್ ಸೋಡಾ ಬೇಡವೇ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಮೆತ್ತಗಾದ ಪದರವನ್ನು ಬಿದಿರಿನ ಚಕ್ಕೆ ಅಥವಾ ಹಿತ್ತಾಳೆ ಪಟ್ಟಿಯಿಂದ ಕೆರೆಯಿರಿ. ಸ್ಟೀಲ್ ಬ್ರಷ್ ಗೀರು ಬೀಳಿಸುತ್ತದೆ, ಆ ಗೀರಿನಲ್ಲೇ ಕಾರ್ಬನ್ ಬೇಗ ಕೂರುತ್ತದೆ.

ರಿಂಗ್ ಕೂರುವ ಗ್ರೂವ್‌ಗೆ ಮುರಿದ ಹಳೇ ರಿಂಗಿನ ತುಂಡೇ ಒಳ್ಳೆಯ ಹತಾರ. ತಳದ ಕಾರ್ಬನ್ ಮಾತ್ರ ತೆಗೆಯಿರಿ. ಪಕ್ಕದ ಗೋಡೆ ಸವೆದರೆ ರಿಂಗ್ ಅಲುಗಾಡುತ್ತದೆ. ಆಯಿಲ್ ರಿಂಗಿನ ಹಿಂದಿನ ತೂತುಗಳನ್ನು ತಾಮ್ರದ ತಂತಿಯಿಂದ ಬಿಡಿಸಿ. ಅವು ಕಟ್ಟಿಕೊಂಡರೆ ಹೊಸ ರಿಂಗ್ ಹಾಕಿದರೂ ಹೊಗೆ ನಿಲ್ಲದು.

ಪಾಲಿಶ್ ತಲೆಗೆ ಮಾತ್ರ. 600, ಆಮೇಲೆ 1000 ನಂಬರಿನ ವಾಟರ್ ಪೇಪರ್ ಅನ್ನು ನೀರಿನಲ್ಲಿ ಅದ್ದಿ ಹಗುರಾಗಿ ಉಜ್ಜಿ. ಸ್ಕರ್ಟ್ (ರಿಂಗ್‌ಗಳ ಕೆಳಗಿನ ಪಿಸ್ಟನ್ ಪಕ್ಕೆ) ಮುಟ್ಟಬೇಡಿ, ಅಲ್ಲಿನ ಸಣ್ಣ ಗೆರೆಗಳು ಆಯಿಲ್ ಹಿಡಿದಿಡಲೆಂದೇ ಇವೆ, ಹೊಳಪಿಗಾಗಿ ಅವನ್ನು ಅಳಿಸಿದರೆ ಪಿಸ್ಟನ್ ಜಾಮ್ ಆಗುವ ಅಪಾಯವಿದೆ. ನಂತರ ಬಿಸಿ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಗಾಳಿ ಹೊಡೆಸಿ. ಪೇಪರಿನ ಹರಳು ಉಳಿದರೆ ಬೋರ್ ಸವೆಯುವುದು ಖಂಡಿತ.

ಕೂಡಿಸುವಾಗ ಸರ್ಕ್ಲಿಪ್, ಗ್ಯಾಸ್ಕೆಟ್ ಹೊಸದಿರಲಿ. ರಿಂಗಿನ ಗುರುತು ಮೇಲಕ್ಕೆ, ರಿಂಗ್ ಸೀಳಿರುವ ಬಾಯಿಗಳು 120 ಡಿಗ್ರಿ ಅಂತರದಲ್ಲಿ. ತಲೆಯ ಮೇಲಿನ ‘ಐಎನ್’ ಗುರುತು ಕಾರ್ಬ್ಯುರೇಟರ್ ಕಡೆಗಿರಬೇಕು. ಬೋಲ್ಟ್ ಬಿಗಿ ಮಾಡಿದ ಮೇಲೆ ಪ್ಲಗ್ ಹಾಕದೆ ಕಿಕ್ಕರ್ ಅನ್ನು ಕೈಯಿಂದ ನಿಧಾನ ಒತ್ತಿ ನೋಡಿ, ಎಲ್ಲೂ ಹಿಡಿಯಬಾರದು.