ಮಗುವಿಗೆ ತಿಂಗಳ ಲೆಕ್ಕ, ದೊಡ್ಡವರಿಗೆ ಅಂದಾಜು

ಹಳೆಯ ಮೂಳೆ, ಹಲ್ಲು ನೋಡಿ ಸತ್ತವರ ವಯಸ್ಸು ಹೇಳುವುದು ನನ್ನ ಕೆಲಸ. ಮಗುವಿನ ದವಡೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇದನ್ನು ನಾನು ಕಲಿತದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ, ಇನಾಮಗಾಂವ್‌ನ ಮೂಳೆಗಳನ್ನು ನೋಡುತ್ತಾ. ಘೋಡ್ ನದಿ ದಂಡೆಯ ಆ ಊರಲ್ಲಿ ಸುಮಾರು ಕ್ರಿ.ಪೂ. 1600ರಿಂದ 700ರವರೆಗೆ ರೈತರು ಬಾಳಿದ್ದರು. 1968ರಿಂದ 1983ರವರೆಗೆ ಅಲ್ಲಿ ಉತ್ಖನನ ನಡೆಯಿತು. ಸತ್ತ ಮಕ್ಕಳನ್ನು ಎರಡು ಮಡಕೆಗಳೊಳಗೆ ಇಟ್ಟು, ಆ ಮಡಕೆಗಳ ಬಾಯಿಗೆ ಬಾಯಿ ಕೂಡಿಸಿ, ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ನಮ್ಮ ಬಳ್ಳಾರಿ ಕಡೆಯ ತೆಕ್ಕಲಕೋಟೆಯಲ್ಲೂ ಮಕ್ಕಳನ್ನು ಮಡಕೆಯಲ್ಲಿ ಹೂಳಿದ್ದು ಸಿಕ್ಕಿದೆ. ಅದರ ಬಗ್ಗೆ ಓದಿಯೇ ನನಗೆ ಈ ಕೆಲಸದ ಹುಚ್ಚು ಹತ್ತಿದ್ದು.

ಮಡಕೆಯೊಳಗಿನ ಮಣ್ಣನ್ನು ಒಂದು ಚಿಟಿಕೆಯೂ ಚೆಲ್ಲಬಾರದು. ಸಣ್ಣ ಕಣ್ಣಿನ ಜರಡಿಯಲ್ಲಿ ನಿಧಾನವಾಗಿ ಆಡಿಸಬೇಕು. ಬೇರು ಇನ್ನೂ ಬೆಳೆಯದ ಹಾಲುಹಲ್ಲು ಭತ್ತದ ಹೊಟ್ಟಿನಷ್ಟು ತೆಳು, ಒಳಗೆ ಟೊಳ್ಳು. ಮಗು ಹುಟ್ಟುವ ಹೊತ್ತಿಗೆ ಮುಂದಿನ ಹಾಲುಹಲ್ಲಿನ ಮೇಲ್ಭಾಗ ಬಹುಪಾಲು ಆಗಿರುತ್ತದೆ. ಹಿಂದಿನ ದವಡೆಹಲ್ಲಿನ ಉಬ್ಬುಗಳು ಮಾತ್ರ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಆರನೇ ವರ್ಷಕ್ಕೆ ಬಾಯಲ್ಲಿ ಕಾಣುವ ಶಾಶ್ವತ ದವಡೆಹಲ್ಲು ಕೂಡ ಹುಟ್ಟುವ ಹೊತ್ತಿಗೇ ಒಳಗೆ ಶುರುವಾಗಿರುತ್ತದೆ. ಯಾವ ಹಲ್ಲು ಎಷ್ಟು ಕಟ್ಟಿದೆ, ಬೇರು ಎಲ್ಲಿವರೆಗೆ ಇಳಿದಿದೆ ಅಂತ ಎಕ್ಸ್‌ರೇಯಲ್ಲಿ ನೋಡಿ ಪಟ್ಟಿಗೆ ಹೋಲಿಸಿದರೆ, ಕೂಸುಗಳ ವಯಸ್ಸನ್ನು ತಿಂಗಳ ಲೆಕ್ಕದಲ್ಲೇ ಹೇಳಬಹುದು.

ಹಲ್ಲನ್ನು ನಾನು ಇಷ್ಟು ನಂಬುವುದಕ್ಕೆ ಕಾರಣವಿದೆ. ಹೊಟ್ಟೆಗಿಲ್ಲದಿದ್ದರೂ, ಕಾಯಿಲೆ ಬಿದ್ದರೂ ಹಲ್ಲಿನ ಬೆಳವಣಿಗೆ ಅಷ್ಟಾಗಿ ತಪ್ಪುವುದಿಲ್ಲ. ಮೂಳೆ ಮಾತ್ರ ಕುಂಠಿತವಾಗುತ್ತದೆ. ಹಲ್ಲು ಎರಡು ವರ್ಷ ಅನ್ನುತ್ತದೆ, ತೊಡೆಮೂಳೆ ನೋಡಿದರೆ ಒಂದು ವರ್ಷದ ಮಗುವಿನಷ್ಟೇ ಉದ್ದ. ಅಂಥ ಮಗುವನ್ನು ಅಳೆಯುವಾಗ ಸಂಕಟವಾಗುತ್ತದೆ. ವಯಸ್ಸಿಗೆ ಹಲ್ಲು, ಅದು ಪಟ್ಟ ಕಷ್ಟಕ್ಕೆ ಮೂಳೆ. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ.

ದೊಡ್ಡವರ ವಿಷಯಕ್ಕೆ ಬಂದರೆ ಕಥೆಯೇ ಬೇರೆ. ಕಾಲರ್ ಮೂಳೆಯ ಒಳತುದಿ ಕೂಡಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತರ ದಶಕದ ಕೊನೆಯ ಹೊತ್ತಿಗೆ. ಅಲ್ಲಿಗೆ ಬೆಳವಣಿಗೆ ಮುಗಿಯಿತು. ಆಮೇಲೆ ನಮಗೆ ಉಳಿಯುವುದು ಸವೆತ ಒಂದೇ. ಸವೆತ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ ಅಲ್ವಾ?

ಸೊಂಟದ ಮುಂದಿನ ಕೀಲು ಒಳ್ಳೆಯ ಸುಳಿವು ಕೊಡುತ್ತದೆ, ಆದರೆ ಅಲ್ಲಿನ ಮೂಳೆ ಮೆದು, ಮಣ್ಣಲ್ಲಿ ಬೇಗ ಪುಡಿಯಾಗುತ್ತದೆ. ಸೊಂಟದ ಹಿಂದೆ, ಬೆನ್ನುಮೂಳೆ ಕೂಡುವ ಕಡೆಯ ಮೇಲ್ಮೈ ಜಾಸ್ತಿ ಉಳಿಯುತ್ತದೆ. ಹರೆಯದವರಲ್ಲಿ ಅಲ್ಲಿ ಅಡ್ಡಡ್ಡ ಅಲೆಗಳಿರುತ್ತವೆ. ವಯಸ್ಸಾದಂತೆ ಅಲೆ ಅಳಿಸಿ, ಮೇಲ್ಮೈ ಒರಟಾಗಿ, ತೂತು ಬೀಳುತ್ತದೆ. ದೀಪವನ್ನು ಪಕ್ಕದಿಂದ ಹಿಡಿದರೆ ಅಲೆಗಳು ಸ್ಪಷ್ಟ ಕಾಣುತ್ತವೆ. ತಲೆಬುರುಡೆಯ ಹೊಲಿಗೆ, ಅಂದರೆ ಅದರ ಮೂಳೆಗಳು ಕೂಡುವ ಗೆರೆ, ನೋಡಿ ವಯಸ್ಸು ಹೇಳುವುದನ್ನು ನಾನು ಹೆಚ್ಚು ನಂಬುವುದಿಲ್ಲ.

ನನಗೆ ತುಂಬ ಹಿಡಿಸಿದ್ದು ಹಲ್ಲಿನ ಸವೆತದ ಲೆಕ್ಕ. ಇನಾಮಗಾಂವ್‌ನವರು ಹೆಚ್ಚಾಗಿ ಬಾರ್ಲಿ ತಿನ್ನುತ್ತಿದ್ದರು, ಕಲ್ಲಿನಲ್ಲಿ ಅರೆಯುತ್ತಿದ್ದರು. ಕಲ್ಲಿನ ಪುಡಿ ಹಿಟ್ಟಿಗೆ ಸೇರಿ ಹಲ್ಲು ತೇಯುತ್ತದೆ. ಬೇರೆ ದೇಶದ ಸವೆತದ ಪಟ್ಟಿಯನ್ನು ಇಲ್ಲಿಗೆ ಸುಮ್ನೆ ತಂದು ಹಚ್ಚಿದರೆ ಆಗುವುದಿಲ್ಲ. ಅದಕ್ಕೆ ಆ ಊರಿನ ಮಕ್ಕಳಿಂದಲೇ ಶುರು ಮಾಡಬೇಕು. ಮೊದಲ ದವಡೆಹಲ್ಲು ಸುಮಾರು ಆರಕ್ಕೆ, ಎರಡನೆಯದು ಹನ್ನೆರಡಕ್ಕೆ ಬರುತ್ತದೆ. ಎರಡನೆಯದು ಆಗಷ್ಟೇ ಹೊರಬಂದ ಮಗುವಿನಲ್ಲಿ ಮೊದಲನೆಯದರ ಸವೆತ ಎಷ್ಟಿದೆಯೋ, ಅದು ಆರು ವರ್ಷದ ಸವೆತ. ಆ ಅಳತೆ ಕೈಯಲ್ಲಿ ಹಿಡಿದು ಒಂದೊಂದೇ ದವಡೆಯಾಗಿ ದೊಡ್ಡವರ ಕಡೆಗೆ ಹೋಗುವುದು.

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ನೆಲಮಾಳಿಗೆಯಿಂದ 1980ರ ದಶಕದಲ್ಲಿ ತೆಗೆದ ಎಷ್ಟೋ ಶವಪೆಟ್ಟಿಗೆಗಳ ಮೇಲೆ ಹೆಸರು, ವಯಸ್ಸು ಬರೆದಿತ್ತು. ಮೂಳೆ ನೋಡಿ ಹೇಳಿದ ವಯಸ್ಸಿಗೂ ಅದಕ್ಕೂ ತಾಳೆ ನೋಡಿದರೆ, ಚಿಕ್ಕವರನ್ನು ದೊಡ್ಡವರೆಂದೂ ಮುದುಕರನ್ನು ಚಿಕ್ಕವರೆಂದೂ ಎಣಿಸಿದ್ದು ಗೊತ್ತಾಯಿತು. ಅದಕ್ಕೂ ಮೊದಲೇ, 1982ರಲ್ಲಿ, ಬೊಕೆ-ಅಪೆಲ್ ಮತ್ತು ಮಾಸೆ ಎಂಬ ಫ್ರೆಂಚ್ ಸಂಶೋಧಕರು ಇನ್ನೊಂದು ಎಡವಟ್ಟು ತೋರಿಸಿದ್ದರು. ಹೋಲಿಕೆಗೆ ಇಟ್ಟುಕೊಂಡ ಮೂಳೆಗಳಲ್ಲಿ ಯಾವ ವಯಸ್ಸಿನವರು ಜಾಸ್ತಿ ಇದ್ದಾರೋ, ನಮ್ಮ ಉತ್ತರವೂ ಆ ಕಡೆಗೇ ವಾಲುತ್ತದೆ.

'ಆಗಿನವರು ಮೂವತ್ತಕ್ಕೇ ಸಾಯುತ್ತಿದ್ದರಂತೆ' ಎಂದು ಇಲ್ಲಿನ ಕನ್ನಡದ ಗೆಳೆಯರು ಹೇಳಿದಾಗ ನಾನು ಬಿಡದೆ ಲೆಕ್ಕ ಬಿಡಿಸಿ ಹೇಳುತ್ತೇನೆ. ಹತ್ತು ಮಂದಿ ಹುಟ್ಟಿದರು ಅಂದುಕೊಳ್ಳಿ. ನಾಲ್ವರು ಕೂಸಾಗಿದ್ದಾಗಲೇ ಹೋದರು, ಆರು ಮಂದಿ ಐವತ್ತರವರೆಗೆ ಬದುಕಿದರು. ಸರಾಸರಿ ಮೂವತ್ತು ಬರುತ್ತದೆ. ಆದರೆ ಮೂವತ್ತಕ್ಕೆ ಸತ್ತವರು ಒಬ್ಬರೂ ಇಲ್ಲ.

ಹಾಗಾಗಿ ದೊಡ್ಡವರ ಮುಂದೆ ನಾನು ಒಂಟಿ ಸಂಖ್ಯೆ ಬರೆಯುವುದಿಲ್ಲ. '25ರಿಂದ 40ರ ನಡುವೆ' ಎಂದು ಬರೆದು, ಯಾವ ಮೂಳೆ ನೋಡಿ ಹಾಗೆ ಹೇಳಿದೆ ಅಂತ ಪಕ್ಕದಲ್ಲೇ ಬರೆಯುತ್ತೇನೆ. ತೀರಾ ಸವೆದ ಹಲ್ಲು, ಒರಟಾದ ಕೀಲು ಇದ್ದವರಿಗೆ '45 ದಾಟಿದವರು' ಎಂದಷ್ಟೇ ಬರೆದು ಮೇಲಿನ ಮಿತಿ ಹಾಕದೆ ಬಿಡುತ್ತೇನೆ. ಅವರು ಎಂಬತ್ತರವರೆಗೂ ಬಾಳಿರಬಹುದು.