ಎರೆ ಮಣ್ಣಿನ ಮೇಲಿನ ಮನೆ, ಬಿರುಕು ಬಿಟ್ಟ ಬುನಾದಿ

ಸಿಂಧನೂರಿನ ನಮ್ಮ ಮನೆ ಇರುವುದು ಎರೆ ಮಣ್ಣಿನ ಮೇಲೆ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಬುನಾದಿಯೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಹಿಂದಿನ ಕೋಣೆಯ ಕಿಟಕಿ ಮೂಲೆಯಿಂದ ಬುನಾದಿಯವರೆಗೆ ಓರೆಯಾಗಿ ಇಳಿದ ಬಿರುಕಿನಲ್ಲಿ ರೂಪಾಯಿ ನಾಣ್ಯ ಸಲೀಸಾಗಿ ಕೂರುತ್ತಿತ್ತು.

ಎರಡು ಸಲ ಸಿಮೆಂಟ್ ಮೆತ್ತಿಸಿದೆ. ಎರಡು ಸಲವೂ ಮುಂದಿನ ಬೇಸಿಗೆಗೆ ಅದೇ ಗೆರೆ. ಮೂರನೇ ಸಲ ಬಂದ ಹಿರಿಯ ಗೌಂಡಿ ಗೋಡೆಯನ್ನು ಮುಟ್ಟಲೇ ಇಲ್ಲ. ಹಿತ್ತಲಿಗೆ ಹೋಗಿ, "ಬಚ್ಚಲ ನೀರು ಎಲ್ಲಿಗೆ ಹೋಗ್ತೈತ್ರಿ?" ಅಂದರು. ಸಲಾಕೆ ಚುಚ್ಚಿದರೆ ಗೋಡೆ ಬುಡದ ಮಣ್ಣು ಬೆಣ್ಣೆ. ನಾಲ್ಕು ಮಾರು ಆಚೆ ಕಲ್ಲು. ಒಡೆದ ಪೈಪಿನ ನೀರೆಲ್ಲ ಬುನಾದಿಗೇ ಇಳಿಯುತ್ತಿತ್ತು.

ಪೈಪ್ ಬದಲಿಸಿ ನೀರನ್ನು ಚರಂಡಿಗೆ ಸೇರಿಸಿದೆವು. ಗೋಡೆಗುಂಟ ಎರೆ ತೆಗೆದು (ಒಮ್ಮೆಗೇ ಪೂರ್ತಿ ಅಗೆಯಬಾರದು, ತುಂಡು ತುಂಡಾಗಿ) ಗರಸು ತುಂಬಿ ಗಟ್ಟಿಯಾಗಿ ಬಡಿದೆವು. ಅದರ ಮೇಲೆ ಮೂರಡಿ ಅಗಲ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಸು.

ಆಮೇಲೆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು, ಒಂದು ವರ್ಷ ಕಾದೆ. ಕಾಯುವುದು ಕಷ್ಟ, ಆದರೆ ಇಡೀ ಕೆಲಸದಲ್ಲಿ ಅದೇ ಮುಖ್ಯ ಎನ್ನುತ್ತೇನೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಆಗ ಎಂಜಿನಿಯರನ್ನೇ ಕರೆಸಬೇಕು. ಮಳೆಗಾಲ ಹೋಯಿತು, ಬೇಸಿಗೆ ಹೋಯಿತು, ಗಾಜು ಒಡೆಯಲಿಲ್ಲ.

ಆಗಷ್ಟೇ ಬಿರುಕನ್ನು ಕೆತ್ತಿ, ಅಡಿಗೊಂದರಂತೆ ಅಡ್ಡಕ್ಕೆ 8 ಮಿಲಿಮೀಟರ್ ಸರಳು ಕೂರಿಸಿ, ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಗಾರೆ) ತುಂಬಿ, 7 ದಿನ ನೀರುಣಿಸಿದೆವು. ಸಿಕ್ಕಿಕೊಳ್ಳುತ್ತಿದ್ದ ಆ ಕಿಟಕಿಯನ್ನು ಬಡಗಿ ಸ್ವಲ್ಪ ಉಜ್ಜಿಕೊಟ್ಟರು. ಅವ್ವ ಈಗ ಅದನ್ನು ಒಂದೇ ಕೈಯಲ್ಲಿ ಮುಚ್ಚುತ್ತಾಳೆ.